ಹಗೇವಿನೊಳಗಿನ ಸಣ್ಣಾಂವ

ಕಳೆದ ವಾರ ಡೊಂಬಿವಲಿಯ ನಮ್ಮ ಗಲ್ಲಿಯ ಹಿಟ್ಟಿನ ಗಿರಣಿಗೆ ಯಾರೋ ಮುಗ್ಗು ಹಿಡಿದ ಜೋಳ ತಂದಿದ್ದರು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ಅಲ್ಲೇ ನಿಂತು ಮೂಗು ಸಿಂಡರಿಸಿದಂತಾಯಿತು…

ನಾವೆಲ್ಲ ಚಾಳಿನ ಒಂದೊಂದು ಕೋಣೆಯಲ್ಲಿದ್ದ ಕಾಲದ ಮಾತು. ನಾವು ಉಡುಪಿ ಕಡೆಯವರು, ಕುಚ್ಚಲಕ್ಕಿ ಗಂಜಿಯ ಜನ. ಗೋಡೆಯಾಚೆಯ ಅಜ್ಜಿ ಕಲಬುರಗಿ ಕಡೆಯವರು. ನನಗೆ ರೊಟ್ಟಿ ಬಡಿಯಲು ಕಲಿಸಿದವರು. ಅಂಗಡಿಯಲ್ಲಿ ಜೋಳವನ್ನು ಬೊಗಸೆಯಲ್ಲಿ ಹಿಡಿದು ಮೂಸದೆ ಅವರು ಕೊಳ್ಳುತ್ತಿರಲಿಲ್ಲ. ಚೂರು ಮುಗ್ಗಿದ್ದರೂ "ಹಗೇವಿನ ವಾಸನಿ ಐತಿ, ಬ್ಯಾಡ ತಂಗಿ" ಎಂದು ಚೀಲ ದೂಡುತ್ತಿದ್ದರು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ; ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಮುಚ್ಚಿಟ್ಟರೆ ಒಳಗಿನ ಗಾಳಿ ಕೆಟ್ಟು ವಿಷವಾಗುತ್ತದಂತೆ. ಅದಕ್ಕೇ ಬಾಯಿ ತೆರೆದು ಒಂದು ದಿನ ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯುವುದು. ಆ ಸೀಮೆಯಲ್ಲಿ ಮಕ್ಕಳಿಗೂ ಇದು ಗೊತ್ತು.

ನಿಜಾಮನ ಆಳ್ವಿಕೆಯ ಕೊನೆಯ ವರ್ಷ, ಬಂದೂಕು ಹಿಡಿದವರು ಊರೂರು ಸುಡುತ್ತಾ ಬರುತ್ತಿದ್ದಾಗ ಅಜ್ಜಿಗೆ ಏಳೋ ಎಂಟೋ ವಯಸ್ಸು. ಅವರಪ್ಪ ಅವರನ್ನೂ ತಮ್ಮನನ್ನೂ ಹಿಂದಿನ ದಿನವೇ ಬಾಯಿ ತೆರೆದಿದ್ದ, ಅರ್ಧ ಖಾಲಿಯಾಗಿದ್ದ ಹಗೇವಿಗೆ ಇಳಿಸಿ, ಗಾಳಿಯಾಡಲೆಂದು ಬಾಯಿ ತೆರೆದೇ ಇಟ್ಟು, ಮೇಲೆ ತೆಳ್ಳಗೆ ಕಣಿಕೆ, ಜೋಳದ ಒಣ ದಂಟು, ಹರಡಿದರು. ಆಮೇಲೆ ಬಂದೂಕಿನವರು ಅಪ್ಪನನ್ನು ಚಾವಡಿಗೆ ಎಳೆದೊಯ್ದು ಗುಂಡಿಕ್ಕಿದರು.

ಅಷ್ಟಕ್ಕೇ ಮುಗಿದಿದ್ದರೆ ಮಕ್ಕಳಿಬ್ಬರಾದರೂ ಉಳಿಯುತ್ತಿದ್ದರು. ಬಂದೂಕಿನವರು ಅತ್ತ ಹೋಗುತ್ತಲೇ ಊರಗೌಡ ಇತ್ತ ಬಂದ. ಆಗಷ್ಟೇ ಗೌಡಿಕೆ ವಹಿಸಿಕೊಂಡಿದ್ದವ. ಅವರಿಗೆ ಉಣ್ಣಿಸಿ, ಮನೆಮನೆಯ ದಾರಿ ತೋರಿಸಿ, ತನ್ನ ವಾಡೆ ಉಳಿಸಿಕೊಂಡ ಧೀರ. ಸತ್ತವನ ಜೋಳ ಬೇರೆಯವರ ಪಾಲಾಗಬಾರದಲ್ಲ! ಆಳುಗಳಿಂದ ಹಗೇವಿನ ಬಾಯಿಗೆ ಕಲ್ಲೆಳೆಸಿದ. ಒಳಗಿಂದ ಅಜ್ಜಿ ಕೂಗಿದರು.

"ಕೇಳಿಸಿತ್ತವಗ," ಎನ್ನುತ್ತಿದ್ದರು. "ಕೇಳಿ ಒಂದ್ ಗಳಿಗಿ ನಿಂತಿದ್ದ. ಆಮ್ಯಾಲ, ಮಣ್ಣ ಮೆತ್ತ್ರಿ ಅಂದ."

ಹೊಲದಲ್ಲಿ ಅಡಗಿದ್ದ ತಾಯಿ ಸಂಜೆ ಬಂದು ಉಗುರಿನಿಂದ ಮಣ್ಣು ಕೆರೆದು ತೆಗೆದಾಗ, ಜೋಳದ ರಾಶಿಯ ಮೇಲೆ ಬಾಯಿಯ ಹತ್ತಿರವಿದ್ದ ಅಜ್ಜಿಗೆ ಉಸಿರಿತ್ತು. ಕೆಳಗೆ ಜಾರಿದ್ದ ಸಣ್ಣಾಂವ… ತಮ್ಮನನ್ನು ಅವರು ಸಣ್ಣಾಂವ ಎಂದೇ ಹೇಳುತ್ತಿದ್ದರು.

ಆಳ್ವಿಕೆ ಬದಲಾಯಿತು. ಗೌಡ ಅಂಗಿ ಬದಲಾಯಿಸಿದ, ಬಿಳಿ ಟೋಪಿ ಹಾಕಿದ, ಹೋರಾಟಗಾರನಾದ. ಇಂಥವರಿಗೆ ಅದಕ್ಕೆ ಎಷ್ಟು ಹೊತ್ತು ಬೇಕು?

ಇಪ್ಪತ್ತು ವರ್ಷದ ಹಿಂದೆ ನಮ್ಮ ಕನ್ನಡ ಸಂಘದವರು ಅವನನ್ನೇ ಸನ್ಮಾನಕ್ಕೆ ಕರೆಸಿದರು. ಕೈಯಲ್ಲೊಂದು ಶಾಲಿದ್ದರೆ ಯಾರ ಹೆಗಲಿಗಾದರೂ ಹೊದಿಸುವ ಮಹಾನುಭಾವರು ನಮ್ಮವರು. ಅತಿಥಿಗೆ ಅವರ ಕಡೆಯ ಊಟವಾಗಲಿ ಎಂದು ಅಜ್ಜಿಗೆ ರೊಟ್ಟಿ ಮಾಡಲು ಹೇಳಿದ್ದರು; ಅತಿಥಿ ಯಾರೆಂದು ಹೇಳಿರಲಿಲ್ಲ. ಅಜ್ಜಿ ಬುಟ್ಟಿ ತುಂಬ ರೊಟ್ಟಿ ತಂದಿಟ್ಟು, ಹಾಲ್‌ನಲ್ಲಿ ನನ್ನ ಪಕ್ಕ ಕೂತರು. ವೇದಿಕೆ ಹತ್ತಿದವನನ್ನು ಕಂಡದ್ದೇ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಅಂವನ, ತಂಗಿ…"

ಗೌಡ ಮೈಕಿನ ಮುಂದೆ ಗದ್ಗದಿತನಾದ. ಊರು ಉರಿಯುತ್ತಿದ್ದಾಗ ಇಬ್ಬರು ಅನಾಥ ಮಕ್ಕಳನ್ನು ಹಗೇವಿನಲ್ಲಿ ಅಡಗಿಸಿ ಕಾಪಾಡಿದನಂತೆ. ಚಪ್ಪಾಳೆಯೋ ಚಪ್ಪಾಳೆ! ಸಣ್ಣಾಂವನ ಸಾವನ್ನೂ ಅವನು ತನ್ನ ಶಾಲಿಗೆ ಜರಿಯಂಚು ಮಾಡಿಕೊಂಡಿದ್ದ.

ಅಜ್ಜಿ ಎದ್ದು ನಿಂತರು.

"ಇಳಿದಾವ್ರು ಇಬ್ರು ಖರೆ, ಗೌಡ್ರ. ಮ್ಯಾಲ ಬಂದಾವ್ರು ಎಷ್ಟ್ ಮಂದಿ? ಅದನ್ನೂ ಹೇಳ್ರಿ."

ಗೌಡ ಕನ್ನಡಕ ತೆಗೆದು ಒರೆಸಿದ, ನೀರು ಕುಡಿದ. ಓಡಿ ಬಂದವ ನಮ್ಮ ಕಾರ್ಯದರ್ಶಿ, ಮಂಗಳೂರಿನವ. "ಅಜ್ಜಿ, ನೀವು ಕೂತ್ಕೊಳ್ಳಿ ಮಾರಾಯ್ರೆ. ಒಂದು ಗಂಟೆಗೆ ಹಾಲ್ ಖಾಲಿ ಮಾಡ್ಬೇಕು." ವಂದನಾರ್ಪಣೆ ಶುರುವಾಗಿಯೇ ಹೋಯಿತು. ಹಗೇವು ಎಂದರೇನೆಂದು ಚೆನ್ನಾಗಿ ಗೊತ್ತಿದ್ದ ಕಲಬುರಗಿಯವರೂ ಸಭೆಯಲ್ಲಿದ್ದರು. ಅವರು ಚಪ್ಪಲಿ ನೋಡುತ್ತಾ ಕೂತರು.

ಊಟಕ್ಕೆ ಗೌಡನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಹಸಿದು ಬಂದ ವೈರಿಯನ್ನೂ ಉಣ್ಣಿಸದೆ ಕಳಿಸದ ಸೀಮೆ ಅಜ್ಜಿಯದು. ಗೌಡ ಮುರಿಯಲೆಂದು ಕೈ ಹಾಕಿದ್ದ ರೊಟ್ಟಿಯನ್ನು ಅವರು ಅವನ ತಾಟಿನಿಂದಲೇ ಎತ್ತಿ ಬುಟ್ಟಿಗೆ ಹಾಕಿಕೊಂಡರು. ಬುಟ್ಟಿ ಸೊಂಟಕ್ಕಿಟ್ಟು ಹೊರಗೆ ನಡೆದರು, ಹಿಂದೆ ನಾನು.

ಈಗ ಚಾಳು ಹೋಗಿ ಟವರ್ ಎದ್ದಿದೆ. ಅಜ್ಜಿಯೂ ಇಲ್ಲ. ಗೌಡನೂ ಸತ್ತ, ಮೆತ್ತನೆ ಹಾಸಿಗೆಯಲ್ಲಿ, ಮೊಮ್ಮಕ್ಕಳ ನಡುವೆ. ನಿನ್ನೆ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಅವನ ಜನ್ಮಶತಮಾನೋತ್ಸವದ ಫೋಟೊ ಬಂದಿತ್ತು: ಊರಲ್ಲೊಂದು ಚೌಕ, ಕಲ್ಲಿನ ಮೇಲೆ ಅವನ ಹೆಸರು. ಫೋಟೊದ ಕೆಳಗೆ ಗ್ರೂಪಿನವರು ಸಾಲು ಸಾಲಾಗಿ ಕೈಮುಗಿದಿದ್ದರು. ನಾನು "ಥೂ" ಎಂದು ಬರೆದೆ. ಗ್ರೂಪಿನಿಂದ ತೆಗೆದುಹಾಕಿದರು, ಪೀಡೆ ತೊಲಗಿತು.

ಸಣ್ಣಾಂವನಿಗೂ ಒಂದು ಹೆಸರಿತ್ತು. ಅದು ಗೊತ್ತಿದ್ದವರು ಅಜ್ಜಿ ಒಬ್ಬರೇ.