ನೋಡದೆ ಹಿಡಿದ ಮೂರು ಎಲೆ

ಬೆಳಿಗ್ಗೆ ಹಾವೇರಿಯ ನಮ್ಮ ಓಣಿಯಲ್ಲಿ ಯಾರದೋ ಒಗ್ಗರಣೆಯ ಮೆಣಸಿನಕಾಯಿ ಕರಕಾಯಿತು. ಮನೆಯವರೆಲ್ಲ ಕೆಮ್ಮಿ ನಕ್ಕರು. ನಾನು ಮಾತ್ರ ಎದ್ದು ಬಾಗಿಲ ಚಿಲಕ ತೆಗೆದಿದೆಯೇ ಎಂದು ನೋಡಿ ಬಂದೆ. ಎಂ.ಎ. ಓದಿದವನ ಧೈರ್ಯ ಇಷ್ಟೇ, ನಗಬೇಡಿ.

ಮೂರೆಲೆ ಆಟ ನಿಮಗೆ ಗೊತ್ತಿರಬಹುದು. ತಲೆಗೆ ಮೂರು ಇಸ್ಪೀಟ್ ಎಲೆ. ನೋಡದೆ ಪಣ ಕಟ್ಟುವವನು ಬ್ಲೈಂಡ್. ನೋಡಿದವನು ಅದರ ಎರಡರಷ್ಟು ಕಟ್ಟಬೇಕು. ಜಾಗ ಬಿಟ್ಟು ಎದ್ದರೆ ಎಲೆ ಒಗೆದಂತೆ, ಸೋತಂತೆ. ಇಬ್ಬರೇ ಉಳಿದಾಗ ಶೋ ಕೇಳಿ, ಎಲೆ ಬಿಚ್ಚಿ ತೋರಿಸಿ ಮುಗಿಸಬಹುದು. ಆದರೆ ನನ್ನ ಶಿವಣ್ಣ ಮಾಮಾನ ಬಳಗದಲ್ಲಿ ಶೋ ಕೇಳಿದವನನ್ನು ವರ್ಷವಿಡೀ ಅಣಕಿಸುತ್ತಿದ್ದರು.

ಹೋದ ದೀಪಾವಳಿ ಅಮಾವಾಸ್ಯೆಯ ಮಧ್ಯಾಹ್ನ, ಬ್ಯಾಡಗಿಯಲ್ಲಿ ಮಾಮಾನ ಮೆಣಸಿನಕಾಯಿ ಗೋದಾಮಿನಲ್ಲಿ ಮೂವರು ಕೂತಿದ್ದೆವು. ಮುಚ್ಚಿದೆ ಎಂದು ಕಾಣಲು ಹಮಾಲ ಈರಪ್ಪ ಹೊರಗಿನಿಂದ ಬೀಗ ಹಾಕಿ, ಎಲ್ಲರ ಫೋನುಗಳನ್ನು ಚೀಲದಲ್ಲಿ ಒಯ್ಯುವುದು ಅಲ್ಲಿಯ ಪದ್ಧತಿ. ನಾನು ಬೇಗ ಸೋತು ಗೋಡೆಗೆ ಒರಗಿದೆ. ಉಳಿದವರು ಎಲೆ ಹಿಡಿದೂ ನೋಡದ ಮಾಮಾ, ನೋಡಿ ಕೂತ ರಾಣೆಬೆನ್ನೂರಿನ ಬಟ್ಟೆ ವ್ಯಾಪಾರಿ ಮಲ್ಲೇಶಪ್ಪ.

ಮಾಮಾ ಕೆಮ್ಮಿದರು. ಅವರಿಗೆ ದಮ್ಮಿನ ಕಾಯಿಲೆ.

"ಕೆಮ್ಮಿ ಹೆದರಸ್ತೀ ಏನೋ ಶಿವಣ್ಣ?" ಎಂದ ಮಲ್ಲೇಶಪ್ಪನೂ ಕೆಮ್ಮಿದ.

"ನಿನಗ ತ್ರಾಸಾದ್ರ ಎಲಿ ಒಗದು ಏಳೋ," ಎಂದರು ಮಾಮಾ.

ಪಣ ಏರಿತು. ನಾನೂ ಆ ಕೆಮ್ಮನ್ನು ಆಟದ ಹೂಟವೆಂದೇ ನೋಡುತ್ತ ಕೂತೆ. ಯಾರು ಬಿಡುತ್ತಾರೆಂಬ ಕುತೂಹಲ. ಮೂಟೆಗಳ ಹಿಂದೆ ಪೂಜೆಯ ದೀಪ ಉರುಳಿ, ಮೆಣಸಿನಕಾಯಿ ತೊಟ್ಟಿನ ರಾಶಿ ಸದ್ದಿಲ್ಲದೆ ಹೊಗೆಯಾಡುತ್ತಿತ್ತು. ಕಂಡಾಗ ಕೂಗಲು ಹೋದೆ, ದನಿ ಬರಲಿಲ್ಲ. ತೂಕದ ಕಲ್ಲಿನಿಂದ ಬಾಗಿಲು ಬಡಿದೆ. ತಿರುಗಿ ನೋಡಿದರೆ ಹೊಗೆಯಲ್ಲಿ ಇಬ್ಬರೂ ಕೂತೇ ಇದ್ದರು. ಕಣ್ಣು ಮುಚ್ಚಿದ್ದವು, ಕೈಗಳು ಮಾತ್ರ ಸರದಿಯಂತೆ ಪಣ ಇಡುತ್ತಿದ್ದವು.

ಈರಪ್ಪ ಓಡಿಬಂದು ಬೀಗ ತೆಗೆದಾಗ ಮಾಮಾನಿಗೆ ಎಚ್ಚರವಿರಲಿಲ್ಲ. ಮಲ್ಲೇಶಪ್ಪ ಸಂಜೆಗೆ ಎದ್ದು ಕೂತ. ಆಸ್ಪತ್ರೆಯ ದಾರಿಯಲ್ಲಿ ಮಾಮಾನ ಮುಷ್ಟಿ ಬಿಡಿಸಿದವನು ನಾನು. ಎರಡು, ಮೂರು, ಐದು. ಒಂದಕ್ಕೊಂದು ಜಾತಿ ಸೇರದವು. ಅದಕ್ಕಿಂತ ಕೆಳಗಿನ ಎಲೆ ಆ ಆಟದಲ್ಲಿಲ್ಲ.

ಮಾಮಾ ಬದುಕಿದರು, ದನಿ ಅರ್ಧ ಹೋಯಿತು. ಅಂದಿನಿಂದ ಫೋನಿನಲ್ಲಿ ಒಂದೇ ಪ್ರಶ್ನೆ: "ನನ್ನ ಎಲಿ ಏನಿದ್ದುವು?" ಸುಟ್ಟುಹೋದವು ಎನ್ನುತ್ತಿದ್ದೆ. ಇವತ್ತು ಹೇಳಿಬಿಟ್ಟೆ. ಕೇಳಿದರೆ ಹೆದರಿಯಾರು, ಇನ್ನು ಎಲೆ ಮುಟ್ಟಲಾರರು ಎಂದುಕೊಂಡಿದ್ದೆ.

ಫೋನಿನಲ್ಲಿ ಅವರ ಉಸಿರು ಸಿಳ್ಳೆ ಹೊಡೆಯಿತು.

"ಇನ್ನೊಂದು ಸಲ ಪಣ ಹಾಕಿದ್ರ," ಎಂದರು, "ಆಂವ ಏಳತಿದ್ದ."

ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.