ಜಗತ್ತು ಮುಳುಗಿಸಿದ ಕಾಕಾ

ಮೇಲಿನ ಮನೆಯ ಕಾಕಾ ಮೆಟ್ಟಿಲು ಇಳಿಯುವಾಗ ಮೊದಲು ಛತ್ರಿಯ ತುದಿ ಕಾಣಿಸುತ್ತಿತ್ತು, ಆಮೇಲೆ ಉದ್ದ ಮೂಗು, ಕೊನೆಗೆ ಕಾಕಾ. ಮುಂಬೈಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಬಾಗಿಲಲ್ಲಿ ಒಂದು ಕಂದು ನಾಯಿ ಮಲಗಿರುತ್ತಿತ್ತು. ಅದು ಯಾರನ್ನೂ ಕಚ್ಚಿದ್ದಿಲ್ಲ. ಕಾಕಾ ಮಾತ್ರ, "ಇನ್ನೂ ಕಚ್ಚಿಲ್ಲ ಅಂದ್ರ ಯಾರಿಗೋ ಕಾಯಾಕತ್ತೈತಿ" ಎನ್ನುತ್ತಿದ್ದರು.

ವಿಜಯಪುರ ಕಡೆಯವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕಾದಂಬರಿ ಬರೆಯತೊಡಗಿದ್ದರು, ಅದೂ ಪ್ರಳಯದ್ದು. ಒಂದರಲ್ಲಿ ಮುಂಬೈ ಸುಟ್ಟು ಹೋಗುತ್ತಿತ್ತು, ಇನ್ನೊಂದರಲ್ಲಿ ಹೆಪ್ಪುಗಟ್ಟುತ್ತಿತ್ತು. ಯಾವುದೂ ಅಚ್ಚಾಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮಾತಿಲ್ಲ, ಒಲೆಯ ಹತ್ತಿರ ಸುಳಿಯುವುದಿಲ್ಲ, ನಾನು ಕಲಸಿಕೊಟ್ಟ ಅನ್ನ ಎರಡು ತುತ್ತಿಗೆ ಸಾಕು. ಬಂಧುಗಳು ಬಂದು ಸಮಾಧಾನ ಹೇಳಿ ಹೋದರು. ಕಾಕಾ ಬಂದದ್ದು ಹಸ್ತಪ್ರತಿ ಹಿಡಿದುಕೊಂಡು.

"ವೈನಿ, ನಂಗ ಸಮಾಧಾನ ಹೇಳಾಕ ಬರಂಗಿಲ್ಲ. ಹೊಸಾದು ಬರದೀನಿ, ಓದ್ತೀನಿ" ಎಂದು ಕುರ್ಚಿ ಎಳೆದುಕೊಂಡರು. ಸಾವಿನ ಮನೆಯಲ್ಲಿ ಪ್ರಳಯದ ಓದು!

ಈ ಸಲ ಸಮುದ್ರ ಉಕ್ಕಿ ನಗರವೆಲ್ಲ ಮುಳುಗಿತ್ತು. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಒಬ್ಬ ಮುದುಕ, ಒಂದು ನಾಯಿ ಮಾತ್ರ ಉಳಿದಿದ್ದರು. ದಿನಾ ಸಂಜೆ ಒಂದೊಂದು ಅಧ್ಯಾಯ. ಅವ್ವ ಗೋಡೆ ನೋಡುತ್ತಲೇ ಇದ್ದಳು. ಒಂದು ಸಂಜೆ ಕಾಕಾ ಕಥೆಯ ನಾಯಿಯನ್ನು ಸಾಯಿಸಿದರು.

ಅವ್ವ ಧಡಕ್ಕನೆ ಎದ್ದು ಕೂತಳು. "ಅದೇನ್ ಮಾಡಿತ್ರಿ ನಿಮಗ? ಇಡೀ ಮುಂಬೈ ಕೊಂದ್ರಿ, ನಾ ಏನರ ಅಂದ್ನೇನು?"

ಕಾಕಾ ಕನ್ನಡಕ ತೆಗೆದರು. "ಅಲ್ರಿ ವೈನಿ, ಟ್ರ್ಯಾಜಿಡಿ ಅಂದ ಮ್ಯಾಲ..."

"ಅದೆಲ್ಲ ಗೊತ್ತಿಲ್ಲ. ಬದುಕಸ್ರಿ."

ಮರುದಿನ ನಾಯಿ ಬದುಕಿತು. ಅದಕ್ಕೆ ಮೂರ್ಛೆ ಬಂದಿತ್ತಷ್ಟೇ ಎಂದರು ಕಾಕಾ, ನನ್ನ ಕಣ್ಣು ತಪ್ಪಿಸಿ. ಅವ್ವನ ತಕರಾರು ಅಲ್ಲಿಗೆ ಮುಗಿಯಲಿಲ್ಲ.

"ಏನ್ ತಿಂತೈತಿ ಅದು?"

"ಎಲ್ಲಾ ಮುಳುಗೈತ್ರಿ. ಏನೂ ಸಿಗಂಗಿಲ್ಲ."

"ದಾದರ್‌ನಾಗ ಏನೂ ಸಿಗಂಗಿಲ್ಲಾ? ಸುಳ್ಳ ಬರೀಬ್ಯಾಡ್ರಿ."

ಹೀಗಾಗಿ ಮಹಡಿಯ ಮೇಲಿನ ಅಂಗಡಿಯೊಂದರಲ್ಲಿ ಜೋಳದ ಹಿಟ್ಟಿನ ಚೀಲವೊಂದು ನೆನೆಯದೆ ಉಳಿಯಿತು. ಮುದುಕ ತಣ್ಣೀರಿನಲ್ಲಿ ಹಿಟ್ಟು ನಾದಿದ ಎಂದು ಕಾಕಾ ಓದಿದ್ದೇ ತಡ, ಅವ್ವ "ರೊಟ್ಟಿ ಹರದು ಹೋಗ್ತಾವ್ರಿ!" ಎನ್ನುತ್ತ ಅಡುಗೆಮನೆಗೆ ನಡೆದಳು. ತೋರಿಸಿಕೊಡಲೆಂದು ತಟ್ಟಿದ ರೊಟ್ಟಿಗಳನ್ನು ಮೂವರೂ ತಿಂದೆವು. ಅವ್ವ ತಾನಾಗಿಯೇ ಇನ್ನೊಂದನ್ನು ಹಾಕಿಕೊಂಡಳು. ನಾನು ನೋಡದವಳಂತೆ ತಲೆ ತಗ್ಗಿಸಿ ಕೂತೆ.

ಹೋದ ಮಳೆಗಾಲ ಕಾಕಾ ಆಸ್ಪತ್ರೆ ಸೇರಿದರು. ಕಾದಂಬರಿ ಮುಗಿದಿರಲಿಲ್ಲ. ಮುದುಕ ಮತ್ತು ನಾಯಿ ಒಂದು ಹಲಗೆಯ ಮೇಲೆ ತೇಲುತ್ತಿದ್ದರು. ಉಸಿರಿಗೆ ಒದ್ದಾಡುತ್ತಿದ್ದವರನ್ನು ಅವ್ವ ಕೇಳಿಯೇಬಿಟ್ಟಳು: "ಮುಂದ ಏನಾಗ್ತೈತ್ರಿ?"

"ಮುದುಕಂದು ಹೇಳಾಕ ಬರಂಗಿಲ್ಲ ವೈನಿ. ನಾಯಿ ದಂಡಿ ಮುಟ್ಟತೈತಿ. ಟೆನ್ಷನ್ ತಗೋಬ್ಯಾಡ್ರಿ."

ಆ ವಾರವೇ ಹೋದರು. ಅವರ ಕಾಗದಗಳು ಈಗ ನಮ್ಮ ಮನೆಯಲ್ಲಿವೆ. ಉಳಿದ ಕಥೆಯನ್ನು ಅವ್ವ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಹಲಗೆ ನಮ್ಮ ಮನೆಯ ಕಡೆಯ ಸಾಯನ್ ಗುಡ್ಡದ ಹತ್ತಿರ ಬಂದಿದೆ. ಮುದುಕನನ್ನು ಮುಳುಗಿಸಲು ಅವಳು ಸುತರಾಂ ಒಪ್ಪುತ್ತಿಲ್ಲ.