ಹುಸೇನಪ್ಪನ ಸರದಿ

"ನಾ ಜೂಜು ಆಡಂಗಿಲ್ರೀ. ಇಸ್ಪೀಟ್ ಎಲಿ ಮುಟ್ಟಂಗಿಲ್ಲ. ಬರೇ ಬಾಜಿ ಕಟ್ತೀನಿ. ಎಡಗಡಿ ಲಿಫ್ಟ್ ಮೊದಲ ಬರ್ತದೋ, ಬಲಗಡಿದೋ. ಸಾಹೇಬ ಇವತ್ತ ಮೊದಲ ಯಾರಿಗಿ ಬೈತಾನ. ಆ ಪಾರಿವಾಳ ಹಾರ್ತದೋ, ಕುಂದರ್ತದೋ. ಇದಕ್ಕ ಜೂಜು ಅಂತಾರೇನ್ರೀ? ಮಂದಿ ಮಳಿ ಬರ್ತದ ಅಂದ್ರ ಶಾಣ್ಯಾ, ನಾ ಅಂದ್ರ ಜೂಜುಕೋರ!"

ಮರಾಠಿ ಸೀಮೆಯ ಖರಾಡಿಯಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಕಬ್ಬಿಣದ ಸರಳು ಕಟ್ಟುವ ಹುಸೇನಪ್ಪ ಹೀಗೆನ್ನುವಾಗ ಅವನಿಗೆ ಅರ್ಧ ಮೀಸೆ ಇರಲಿಲ್ಲ. ಬಾಜಿಯಲ್ಲಿ ಹೋಗಿತ್ತು. ಬುತ್ತಿ ದಿನಾ ಜೊತೆಗಾರ ಗೂಳಪ್ಪನ ಪಾಲು. ಹೆಂಡತಿ ಮಾನಮ್ಮ ಇದೆಲ್ಲ ಗಂಡಸರ ಹುಡುಗಾಟವೆಂದು ನುಂಗಿಕೊಂಡಿದ್ದಳು. ಅವಳಿಗೆ ಭಯ ಹುಟ್ಟಿದ್ದು ಅವನು ಗೆದ್ದ ದಿನ. ಗೂಳಪ್ಪನ ಹೊಸ ಬೂಟು ಗೆದ್ದು ತಂದವನು ನಗಲೂ ಇಲ್ಲ, ಕಾಲಿಗೆ ಹಾಕಲೂ ಇಲ್ಲ. ಅದನ್ನೇ ಪಣಕ್ಕಿಡಲು ಮತ್ತೆ ಎದ್ದುಹೋದ.

"ಗೆದ್ದರೂ ಹೊಟ್ಟಿ ತುಂಬವಲ್ದು ಅಂದ್ರ ಇದು ಬ್ಯಾನಿ," ಎಂದುಕೊಂಡಳು ಮಾನಮ್ಮ.

ಇನ್ನು ಬಾಜಿ ಕಟ್ಟುವುದಿಲ್ಲವೆಂದು ಊರ ಪೀರಲದೇವರ ಆಣೆ ಹಾಕಿಸಿದಳು. ಆಣೆ ನಿಲ್ಲುತ್ತದೆಂದು ಅವನು ಗೂಳಪ್ಪನೊಡನೆ ಬಾಜಿ ಕಟ್ಟಿದ. ಕಟ್ಟಿದ ಕ್ಷಣವೇ ಸೋತ.

ಕೊನೆಗೆ ಚಟ ಬಿಡಿಸುವ ದವಾಖಾನೆಗೆ ಎಳೆತಂದಳು. ಬಾಕಿನ ಮೇಲೆ ಕೂತವರೆಲ್ಲ ಅದೇ ಬ್ಯಾನಿಯವರು. ಪಕ್ಕದ ಸ್ವಪ್ನಿಲ್, ಚಹಾದವನು ಯಾವ ಬಾಗಿಲಿಂದ ಬರುತ್ತಾನೆ ಎಂದು ಮೆಲ್ಲಗೆ ಕೇಳಿದ. ಹುಸೇನಪ್ಪ ತನ್ನ ಸರದಿಯನ್ನೇ ಒಡ್ಡಿ ಸೋತು, ಸಾಲಿನ ಕೊನೆಗೆ ಹೋದ. ಹಿಂದೆ ಬಂದು ಕೂತವನಿಗೆ ಅಲ್ಲೂ ಸೋತ. ಒಳಗಿನಿಂದ ಸಲಹೆ ಹೇಳುವ ಸೋನಾಲಿಬಾಯಿ ಒಂದು ಹೆಸರು ಕರೆದರೆ, ಆ ಸರದಿ ಗೆದ್ದ ಇನ್ನೊಬ್ಬ ಎದ್ದುಹೋಗುತ್ತಿದ್ದ.

ಬಾಗಿಲು ಹಾಕುವ ಹೊತ್ತಾಯಿತು. ಇಂದು ತಪ್ಪಿದರೆ ಇವನು ಮತ್ತೆ ಬರುವ ಆಸಾಮಿಯಲ್ಲ. ಮಾನಮ್ಮ ಸೆರಗು ಸಿಕ್ಕಿಸಿ ತಾನೇ ಒಳಗೆ ನುಗ್ಗಿದಳು.

"ಪೇಶಂಟ್ ಎಲ್ಲ್ಯದಾರ್ರೀ?" ಎಂದಳು ಸೊಲ್ಲಾಪುರದ ಸೋನಾಲಿ, ಕನ್ನಡದಲ್ಲೇ.

"ಅವನ ಸರದಿ ಅವಾ ಸೋತಾನ್ರೀ. ನಂದು ನಾ ಸೋತಿಲ್ಲ."

"ಮನಿಯವ್ರು ಬಂದ್ರೂ ನಡೀತದ, ಕುಂದರ್ರಿ. ಇದು ಸೊಕ್ಕಲ್ಲ, ಬ್ಯಾನಿ. ಪಗಾರ ನಿಮ್ಮ ಕೈಯಾಗಿರ್ಲಿ. ಬಾಜಿ ಕಟ್ಟೋ ಹುಕಿ ಬಂದ್ರ ಮುಚ್ಚಿಡದ ಹೇಳ್ಲಿ. ಕೈಗಿ ಏನರ ಕೆಲಸ ಕೊಡ್ರಿ. ಹಾಯ್ದು ಹೋಗ್ತದ. ವಾರಾ ವಾರಾ ಬರ್ರಿ."

ಹೊರಗೆ ಬಾಕು ಖಾಲಿಯಾಗಿತ್ತು. ಬಾಜಿ ಕಟ್ಟಲು ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಹುಸೇನಪ್ಪ ಬಾಗಿಲಲ್ಲಿ ಬಂದು ನಿಂತ. "ನನಗ ನಿಲ್ಲಸ್ಲಿಕ್ಕಿ ಆಗವಲ್ದ್ರೀ ಬಾಯಿ," ಎಂದ. ಸೋನಾಲಿ ಹಾಕಲು ಹೊರಟಿದ್ದ ಬೀಗವನ್ನು ಕೆಳಗಿಟ್ಟು, ಅವನಿಗೊಂದು ಕುರ್ಚಿ ಎಳೆದಳು.

ಸಂಜೆ ತಮ್ಮ ತಗಡಿನ ಶೆಡ್ಡಿನ ಮುಂದೆ ಕೂತು, "ಹುಕಿ ಬರ್ಲಾಕತ್ತದ, ಮಾನಿ," ಎಂದ.

ಅವಳು ತೊಗರಿಬೇಳೆಯ ಮೊರ ಅವನ ಮುಂದೆ ಸರಿಸಿದಳು.

"ಇದರಾಗ ಹರಳು ಎಷ್ಟ್ ಇರಬಹುದು..."

"ಎಣಸಬ್ಯಾಡ. ಆರಸು."

ಹುಸೇನಪ್ಪ ಹರಳು ಆರಿಸತೊಡಗಿದ.